ದಾಂಡೇಲಿ ನೆರಳು ಹುಬ್ಬಳ್ಳಿಗೆ ಬರಲ್ಲ

ನಮಸ್ಕಾರ್ರೀ ಎಲ್ಲರಿಗೂ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ಬರೆದಿಟ್ಟಿದ್ದೆ. ಆದರೆ ನಿನ್ನೆ ರಾತ್ರಿ ಊಟ ಮಾಡಿ ಫೋನ್ ತೆಗೆದರೆ ಒಂದು ಕಮೆಂಟ್ ಕಂಡಿತು. ಹೋದ ವಾರ ನಮ್ಮ ಸರ್ಕಲ್ಲಿನ ಬೇವಿನ ಮರ ಕಡಿದದ್ದರ ಬಗ್ಗೆ ವಿಡಿಯೋ ಹಾಕಿದ್ದೆನಲ್ಲ, ಅದರ ಕೆಳಗೆ ಒಬ್ಬ ಅಣ್ಣಾವರು ಬರೆದಿದ್ದಾರೆ: "ಮರ ಬೇಕಂದ್ರ ದಾಂಡೇಲಿಗೆ ಹೋಗು ತಮ್ಮಾ. ಇದು ಸಿಟಿ ಐತಿ." ಪಕ್ಕದಲ್ಲಿ ನಾಲ್ಕು ನಗುವ ಮುಖ. ಅದಕ್ಕೆ ಲೈಕ್ ಎಷ್ಟು ಗೊತ್ತಾ? ನನ್ನ ವಿಡಿಯೋಕ್ಕಿಂತ ಜಾಸ್ತಿ! ಇದೇ ನನಗೆ ಹೆಚ್ಚು ಉರಿದದ್ದು, ಸುಳ್ಳು ಯಾಕೆ ಹೇಳಲಿ.

ಅಣ್ಣಾ, ದಾಂಡೇಲಿ ಮೇಲೆ ನನಗೇನೂ ಸಿಟ್ಟಿಲ್ಲ. ಧಾರವಾಡ ದಾಟಿ ಹಳಿಯಾಳ ರೋಡ್ ಹಿಡಿದು ನಾನೂ ಹೋಗುತ್ತೇನೆ, ಕಾಳಿ ನದಿಯಲ್ಲಿ ಕಾಲು ಇಳಿಬಿಟ್ಟು ಕೂಡುತ್ತೇನೆ. ಆದರೆ ಒಂದು ಮಾತು. ದಾಂಡೇಲಿ ಕಾಡಿನ ನೆರಳು ಹುಬ್ಬಳ್ಳಿಗೆ ಬರುವುದಿಲ್ಲ. ನೆರಳು ಅಂದರೆ ಉಳ್ಳಾಗಡ್ಡಿ ಅಲ್ಲ, ಲಾರಿಯಲ್ಲಿ ಹೇರಿಕೊಂಡು ಬಂದು ಅಮರಗೋಳದ ಎಪಿಎಂಸಿಯಲ್ಲಿ ಇಳಿಸುವುದಕ್ಕೆ. ಅದು ಬಿದ್ದಲ್ಲೇ ಬೀಳುತ್ತದೆ. ಅಷ್ಟೇ.

ಆ ಬೇವಿನ ಮರದ ಕತೆ ಹೊಸಬರಿಗೆ ಹೇಳುತ್ತೇನೆ. ಅದು ಸಿಗ್ನಲ್‌ನ ಬಿಳಿ ಗೆರೆಗಿಂತ ಸುಮಾರು ಮೂವತ್ತು ಅಡಿ ಹಿಂದೆ ಇತ್ತು. ಏಪ್ರಿಲ್ ಬಿಸಿಲಲ್ಲಿ ಕೆಂಪು ದೀಪ ಬಿದ್ದರೆ ಗೆರೆಯ ಹತ್ತಿರ ಒಬ್ಬನೂ ನಿಲ್ಲುತ್ತಿರಲಿಲ್ಲ. ಸ್ಕೂಟಿ ಅಕ್ಕಾರು, ಬುಲೆಟ್ ಸಾಹುಕಾರರು, ಗ್ಯಾಸ್ ಸಿಲಿಂಡರ್ ಹೊತ್ತ ಟಂಟಂ, ಎಲ್ಲರೂ ಆ ಮರದ ಕೆಳಗೇ. ಹಿಂದಿನವರು ಹಾರ್ನ್ ಹೊಡೆದರೆ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ, ಯಾಕಂದರೆ ಹಾರ್ನ್ ಹೊಡೆಯುವವನ ಸಿಟ್ಟೂ ಅದೇ, ತನಗೆ ನೆರಳು ಸಿಕ್ಕಿಲ್ಲ ಅಂತ. ಈಗ ಮರ ಇಲ್ಲ. ಎಲ್ಲರೂ ಶಿಸ್ತಾಗಿ ಗೆರೆಯ ಹತ್ತಿರ ನಿಂತು ಬೇಯುತ್ತಾರೆ. ಟ್ರಾಫಿಕ್ ಸುಧಾರಣೆ ಅಂದರೆ ಇದೇ ಇರಬೇಕು.

ಇನ್ನೊಂದು ಗುಂಪಿದೆ, ನಮ್ಮ ಕಡೆಯವರೇ. ಮರದ ಪರವಾಗಿ ಬಾಯಿ ತೆರೆದರೆ "ಆಕ್ಸಿಜನ್ ಕೊಡ್ತದರೀ" ಅನ್ನುತ್ತಾರೆ. ದಯವಿಟ್ಟು ಅದನ್ನ ಬಿಡಿ. ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟ್ ಇದೆ. ನಮ್ಮ ಸರ್ಕಲ್ಲಿನ ಒಂದು ಬೇವು ಹೋದರೆ ಯಾರಿಗೂ ಉಸಿರು ಕಟ್ಟಲ್ಲ. ಆಕ್ಸಿಜನ್ ಗಾಳಿ ಜೊತೆ ಊರಿಂದ ಊರಿಗೆ ಬರುತ್ತದೆ. ಹಾಗಾಗಿಯೇ ನೀವು ಆಕ್ಸಿಜನ್ ಅಂದ ಕೂಡಲೇ ಆ ಕಮೆಂಟ್ ಅಣ್ಣ ಗೆದ್ದುಬಿಡುತ್ತಾನೆ: "ದಾಂಡೇಲಿಯಿಂದ ಬರ್ತದ ಬಿಡು" ಅಂತ. ನೆರಳು ಅನ್ನಿ, ತಂಪು ಅನ್ನಿ. ಅದು ಅಲ್ಲಿಂದ ಬರಲ್ಲ.

ತಂಪು ಹೇಗೆ ಅಂತ ಕೇಳಿದರೆ, ಎರಡು ಕೆಲಸ ಇದೆ. ಒಂದು, ಬಿಸಿಲು ಡಾಂಬರಿಗೆ ಮುಟ್ಟದ ಹಾಗೆ ತಡೆಯುತ್ತದೆ. ನೆರಳಿನಲ್ಲಿರುವ ನೆಲ, ಗೋಡೆಗಳು ಬಿಸಿಲಿಗೆ ಕಾದವಕ್ಕಿಂತ 11ರಿಂದ 25 ಡಿಗ್ರಿ ತಣ್ಣಗಿರಬಹುದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ಇದಕ್ಕೆ ಅಮೆರಿಕ ಬೇಕಾಗಿಲ್ಲ, ಮಧ್ಯಾಹ್ನ ಎರಡಕ್ಕೆ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಸೀಟಿನ ಮೇಲೆ ಕೂತು ನೋಡಿ. ಎರಡನೇ ಕೆಲಸ ಬಹಳ ಜನಕ್ಕೆ ಗೊತ್ತಿಲ್ಲ. ಮರ ಬೇರಿನಿಂದ ನೀರು ಎಳೆದು ಎಲೆಯಿಂದ ಆವಿ ಮಾಡಿ ಬಿಡುತ್ತದೆ. ಮಡಕೆ ನೀರು ತಣ್ಣಗಾಗುವುದು ಹೇಗೋ ಹಾಗೆಯೇ. ಒಂದು ಲೀಟರ್ ನೀರು ಆವಿಯಾಗುವಾಗ ಸುತ್ತಲಿನಿಂದ ಹೆಚ್ಚುಕಡಿಮೆ 0.68 ಯೂನಿಟ್‌ನಷ್ಟು ಶಾಖ ಎಳೆದುಕೊಳ್ಳುತ್ತದೆ, ಯೂನಿಟ್ ಅಂದರೆ ನಿಮ್ಮ ಕರೆಂಟ್ ಬಿಲ್ಲಿನ ಅದೇ ಯೂನಿಟ್. ಬೇರಿಗೆ ನೀರಿದ್ದರೆ ದೊಡ್ಡ ಮರ ದಿನಕ್ಕೆ 100 ಲೀಟರ್ ಹೀಗೆ ಬಿಡಬಲ್ಲದು. ಅಲ್ಲಿಗೆ 68 ಯೂನಿಟ್ ಆಯಿತು. ಒಂದೂವರೆ ಟನ್ ಎಸಿ ಒಂದು ತಾಸಿಗೆ ಸುಮಾರು 5 ಯೂನಿಟ್ ಶಾಖ ಹೊರಹಾಕುತ್ತದೆ. ಅಂದರೆ ಹದಿಮೂರು ತಾಸು ಎಸಿ ಓಡಿದ ಹಾಗೆ! ಲೆಕ್ಕ ನನ್ನದು, ಇಂಜಿನಿಯರಿಂಗ್ ಓದುವ ನನ್ನ ತಮ್ಮ ನೋಡಿ "ಇದೊಂದರೆ ಸರಿ ಮಾಡೀದಿ ಬಿಡು" ಅಂದ.

ಎಸಿ ಹಾಕಿಸಿಕೊಂಡರೆ ಆಯ್ತಲ್ಲ ಅಂತ ಒಬ್ಬರು ಕೇಳಿದ್ದಾರೆ. ಹಾಕಿಸಿ ಸ್ವಾಮಿ. ಎಸಿ ಶಾಖವನ್ನು ನುಂಗುವುದಿಲ್ಲ, ನಿಮ್ಮ ಬೆಡ್‌ರೂಮಿನಿಂದ ಎತ್ತಿ ಹಿಂದಿನ ಓಣಿಗೆ ಎಸೆಯುತ್ತದೆ. ಹಿಂದಿನ ಓಣಿಯಲ್ಲಿ ನಾನಿದ್ದೇನೆ.

ಇಲ್ಲಿ ಒಂದು ನಿಮಿಷ. ವಿಡಿಯೋ ಇಷ್ಟವಾದರೆ ಲೈಕ್ ಒತ್ತಿ, ಆ ಕಮೆಂಟಿನ ಲೈಕ್ ದಾಟಿಸಬೇಕು ಇವತ್ತು, ಮರ್ಯಾದೆ ಪ್ರಶ್ನೆ. ಸಬ್‌ಸ್ಕ್ರೈಬ್ ಮಾಡದೆ ನೋಡುವವರು ಬಹಳ ಜನ ಇದ್ದೀರಿ, ನನಗೆ ಗೊತ್ತಾಗುತ್ತದೆ. ಗಿರಮಿಟ್ ತಿಂದು ದುಡ್ಡು ಕೊಡದೆ ಹೋದ ಹಾಗೆ ಅದು.

ಹಾಂ, ಎಲ್ಲಿದ್ದೆ? ದಾಂಡೇಲಿ. ಮಳೆಗಾಲಕ್ಕೆ ಬನ್ನಿ. ಮರದ ಎಲೆ, ಕೊಂಬೆ ಮಳೆ ನೀರನ್ನು ಸ್ವಲ್ಪ ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತವೆ, ಬುಡದ ಮಣ್ಣು ಒಂದಿಷ್ಟು ಕುಡಿಯುತ್ತದೆ. ಅಷ್ಟಾದರೂ ನೀರು ಗಟಾರಕ್ಕೆ ತಡವಾಗಿ ಹೋಗುತ್ತದೆ. ಎಲ್ಲ ಕಡೆ ಕಾಂಕ್ರೀಟ್ ಹಾಕಿದರೆ ಒಂದೇ ಸಲ ಧೋ ಅಂತ ಉಣಕಲ್ ನಾಲಾಕ್ಕೆ. ನಾಲಾ ತುಂಬಿ ಮನೆಗೆ ನೀರು ನುಗ್ಗಿದಾಗ ದಾಂಡೇಲಿಯ ಸಾಗವಾನಿ ಬಂದು ಬಕೆಟ್ ಹಿಡಿದು ನೀರು ಹೊರಹಾಕುತ್ತದೆಯಾ? ಇಲ್ಲ ತಾನೇ.

ಧಾರವಾಡದವರು ನಗಬೇಡಿ. "ನಮ್ಮಲ್ಲಿ ಫ್ಯಾನ್ ಬೇಕಾಗಿರಲಿಲ್ಲ" ಅಂತ ನಿಮ್ಮ ಅಜ್ಜ ಹೇಳುತ್ತಿದ್ದರು, ಈಗ ನೀವೂ ಕೂಲರ್ ರಿಪೇರಿಗೆ ಓಡಾಡುತ್ತೀರಿ. ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ ಒಳಗೆ ಗಾಡಿ ತಿರುಗಿಸಿದರೆ ಈಗಲೂ ಮೈಗೆ ಗೊತ್ತಾಗುತ್ತದೆ, ಯಾರೋ ಒದ್ದೆ ಟವೆಲ್ ಹೊದಿಸಿದ ಹಾಗೆ. ಗೇಟಿನ ಹೊರಗೆ ಬಂದರೆ ಅದು ಹೋಯಿತು. ಕ್ಯಾಂಪಸ್ಸಿನ ತಂಪೇ ಗೇಟು ದಾಟಲ್ಲ, ಇನ್ನು ದಾಂಡೇಲಿಯದು ಹಳಿಯಾಳ ದಾಟುತ್ತದಾ?

ಈಗ ಬರುತ್ತಾರೆ ನೋಡಿ ಸಸಿ ಪಾರ್ಟಿಯವರು. "ಒಂದು ಮರಕ್ಕ ಹತ್ತು ಸಸಿ ಹಚ್ಚತಾರಲ್ಲ." ಎಲ್ಲಿ ಹಚ್ಚುತ್ತಾರೆ? ಊರ ಹೊರಗೆ, ಯಾವುದೋ ಗುಡ್ಡದ ಬುಡಕ್ಕೆ. ಅದೂ ದಾಂಡೇಲಿಯೇ ಆಯಿತಲ್ಲ, ಸ್ವಲ್ಪ ಹತ್ತಿರದ ದಾಂಡೇಲಿ. ಜೂನ್ 5ಕ್ಕೆ ಫೋಟೋ, ದೀಪಾವಳಿಗೆ ಬರೀ ಟ್ರೀ ಗಾರ್ಡ್. ಟ್ರೀ ಗಾರ್ಡ್ ಮೇಲೆ ಹೆಸರು ಬರೆಸಿದವರು ಬೆಳೆದಿದ್ದಾರೆ, ಸಸಿ ಬೆಳೆದಿಲ್ಲ. ಒಂದು ಗೇಣಿನ ಸಸಿ ಕೆಳಗೆ ಆಡಿನ ಮರಿಗೂ ನೆರಳು ಸಿಗಲ್ಲ, ಮೊದಲು ಆಡೇ ಅದನ್ನ ತಿಂದಿರುತ್ತದೆ.

ಸಾಲುಮರದ ತಿಮ್ಮಕ್ಕನವರು 385 ಆಲದ ಮರ ಬೆಳೆಸಿದ್ದು ಎಲ್ಲಿ? ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯ ಪಕ್ಕ. ಜನ ನಡೆಯುವ ಜಾಗದಲ್ಲಿ. ನೀರು ಹೊತ್ತು ಹಾಕಿದರು. ಫೋಟೋ ತೆಗೆಸಿಕೊಂಡು ವಾಪಸ್ ಬಂದವರಲ್ಲ ಅವರು.

ಇನ್ನು ಎಲೆ ಕಸ ಬೀಳುತ್ತದೆ ಅನ್ನುವವರು. ನಿಮ್ಮ ತಲೆಯಿಂದಲೂ ಕೂದಲು ಉದುರುತ್ತದೆ, ತಲೆ ತೆಗೆಸುತ್ತೀರಾ? ಅಂಗಡಿ ಬೋರ್ಡ್ ಕಾಣಲ್ಲ ಅನ್ನುವವರು ಬೇರೆ. ಗಿರಾಕಿ ನಿಮ್ಮ ಬೋರ್ಡ್ ನೋಡಿ ಬರಲ್ಲ ಸಾಹುಕಾರ್ರೇ, ಗಾಡಿ ನಿಲ್ಲಿಸಲು ನೆರಳಿದೆಯಾ ಅಂತ ನೋಡಿ ಬರುತ್ತಾನೆ. ವೈರ್ ವಿಷಯ ಒಪ್ಪುತ್ತೇನೆ, ಟೊಂಗೆ ಸವರಿ. ಟೊಂಗೆ ಅಂದೆ, ಬುಡ ಅನ್ನಲಿಲ್ಲ. ಹಾಗೆ ನೋಡಿದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ, ನೀಲಗಿರಿ, ತೆಂಗಿನಂಥ ಕೆಲವು ಬಿಟ್ಟರೆ ಮರ ಕಡಿಯಲು ಮರ ಅಧಿಕಾರಿಯ ಅನುಮತಿ ಬೇಕು. ಮರ ಅಧಿಕಾರಿ ಅಂತ ಒಂದು ಹುದ್ದೆ ಇದೆ ಅನ್ನುವುದೇ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನ್ನನ್ನೂ ಸೇರಿಸಿ.

ಹುಬ್ಬಳ್ಳಿ-ಧಾರವಾಡ ನಡುವೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ಚಿಗರಿ ಬಸ್ಸಿನ ಬಗ್ಗೆ ಮಾತಾಡು ಅಂತ ಕೇಳುತ್ತೀರಿ. ಬಸ್ಸು ಚಲೋ ಇದೆ, ನಾನೇ ಹತ್ತುತ್ತೇನೆ, ಒಳಗೆ ಎಸಿ ಇದೆ. ಆದರೆ ಆ ರಸ್ತೆ ಅಗಲ ಮಾಡುವಾಗ ಪಿ.ಬಿ. ರೋಡಿನ ಹಳೇ ಮರಗಳು ಹೋದವು. ಚಿಗರಿ ಅಂತ ಹೆಸರಿಟ್ಟೆವು, ಚಿಗರಿಗೆ ನಿಲ್ಲಲು ಒಂದು ಮರ ಬಿಡಲಿಲ್ಲ. ಚಿಗರಿ ಬಯಲಿನ ಪ್ರಾಣಿ ಅಂತ ನನಗೂ ಗೊತ್ತು, ರಾಣೆಬೆನ್ನೂರಿನವರು ಕೃಷ್ಣಮೃಗದ ಫೋಟೋ ಹಾಕಿ ಕಮೆಂಟ್ ಮಾಡಬೇಡಿ. ಗದಗಿನವರೂ ಅಷ್ಟೇ, ಕಪ್ಪತಗುಡ್ಡ ನಿಮ್ಮದು, ಒಪ್ಪಿದೆ, ಅದರ ನೆರಳು ಗದಗ ಬಸ್ ಸ್ಟ್ಯಾಂಡಿಗೆ ಬೀಳುತ್ತದಾ ಹೇಳಿ!

ಇನ್ನೂ ಎರಡು ಪಾಯಿಂಟ್ ಬರೆದಿದ್ದೆ. ಯುರೋಪಿನ 93 ಊರುಗಳ ಅಧ್ಯಯನ, 2023ರದ್ದು. ಊರಿನ 30 ಪರ್ಸೆಂಟ್ ಜಾಗಕ್ಕೆ ಮರದ ನೆರಳಿದ್ದರೆ ಊರಿನ ಶಾಖದಿಂದ ಸಾಯುವವರಲ್ಲಿ ಮೂರರಲ್ಲಿ ಒಬ್ಬರನ್ನು ಉಳಿಸಬಹುದಿತ್ತು ಅಂತ ಲೆಕ್ಕ ಹಾಕಿದ್ದಾರೆ. ಊರಿನ ಜಾಗಕ್ಕೆ ಅಂದರು, ಕೇಳಿಸಿತಾ? ಅವರಿಗೂ ಕಾಡಿದೆ, ಅಲ್ಲಿಗೆ ಹೋಗಿ ಅನ್ನಲಿಲ್ಲ. ಇನ್ನೊಂದು ಪಾಯಿಂಟ್ ಧೂಳಿನದು, ಹುಬ್ಬಳ್ಳಿಯವರಿಗೆ ಧೂಳಿನ ಬಗ್ಗೆ ನಾನೇನು ಹೇಳಲಿ, ಬಿಡಿ.

ಅದಕ್ಕಿಂತ ಮುಖ್ಯ ವಿಷಯ ಹೇಳುತ್ತೇನೆ. ನಾನು ಆ ಅಣ್ಣನ ಪ್ರೊಫೈಲ್ ತೆಗೆದು ನೋಡಿದೆ. ಹೌದು, ಕೆಲಸ ಇರಲಿಲ್ಲ, ನೋಡಿದೆ. ಡಿಪಿಯಲ್ಲಿ ಏನಿದೆ ಗೊತ್ತಾ? ಹೊಸ ಬೈಕ್, ಹಾರ ಹಾಕಿದ್ದಾರೆ, ಲಿಂಬೆಹಣ್ಣು ಕಟ್ಟಿದ್ದಾರೆ. ಬೈಕ್ ನಿಲ್ಲಿಸಿದ್ದು ಎಲ್ಲಿ? ಮರದ ಕೆಳಗೆ! ಹಿಂದೆ ಟೈರ್ ಪಂಕ್ಚರ್ ಅಂಗಡಿ ಕಾಣುತ್ತದೆ, ಅಂದರೆ ಅದು ದಾಂಡೇಲಿ ಕಾಡಲ್ಲ. ನಿನ್ನ ಬೈಕಿಗೆ ಸಿಟಿಯಲ್ಲಿ ಮರ ಬೇಕು, ನನಗೆ ಬೇಡವಾ ಅಣ್ಣಾ?

ಸರಿ, ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡುತ್ತಿದ್ದೇನೆ, ಸೌಂಡ್ ಬರುತ್ತದೆ ಅಂತ, ಬೆವರು ಕಣ್ಣಿಗೆ ಇಳಿಯುತ್ತಿದೆ. ನಿಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಗಳ ಆಗುವ ಮರ ಯಾವುದು, ಕಮೆಂಟಿನಲ್ಲಿ ಹಾಕಿ. ಹುಣಸೆಯೋ, ಹೊಂಗೆಯೋ, ಏನಾದರೂ. ದಾಂಡೇಲಿ ಅಂತ ಬರೆದವರನ್ನು ಬ್ಲಾಕ್ ಮಾಡುತ್ತೇನೆ. ನಾನೀಗ ಪೇಟೆಗೆ ಹೋಗಬೇಕು, ಗಾಡಿ ಬೆಳಗ್ಗೆಯಿಂದ ಬಿಸಿಲಲ್ಲೇ ನಿಂತಿದೆ. ಅವ್ವಾ, ಆ ಗೋಣಿಚೀಲ ಎಲ್ಲಿಟ್ಟಿದ್ದೀ? ಸೀಟಿನ ಮೇಲೆ ಹಾಕಬೇಕು!