"ಇಂದು ನೀವು ಉಳಿಸಿದ್ದು 312 ರೂಪಾಯಿ": ನಿಜವಾಗ್ಲೂ ಉಳಿಯಿತಾ?

[ತೆರೆಯ ಮೇಲೆ: ಮೊಳ ಉದ್ದದ ಬಿಲ್. ಕ್ಯಾಮೆರಾ ನಿಧಾನವಾಗಿ ಕೊನೆಯ ಸಾಲಿಗೆ ಇಳಿಯುತ್ತದೆ.]

ನಮಸ್ಕಾರ. ಸೂಪರ್ ಮಾರ್ಕೆಟ್ ಬಿಲ್‌ನಲ್ಲಿ ನಾವೆಲ್ಲ ಓದುವುದು ಎರಡೇ ಸಾಲು. ಒಂದು, ಒಟ್ಟು ಎಷ್ಟಾಯಿತು. ಇನ್ನೊಂದು, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರುವ "ಇಂದು ನೀವು ಉಳಿಸಿದ್ದು ಇಷ್ಟು". ಓದಿ ಖುಷಿಯಾಗುತ್ತದೆ. ಬಿಲ್ ಮಡಚಿ ಚೀಲಕ್ಕೆ ಹಾಕುತ್ತೇವೆ, ಅಲ್ವಾ?

ಆ ಉಳಿತಾಯದ ಲೆಕ್ಕ ಹಾಕುವುದು ಎಂಆರ್‌ಪಿಯಿಂದ. ಶೆಲ್ಫ್ ಮೇಲೆ ಅಂಟಿಸಿದ್ದ ಚೀಟಿಯ ದರದಿಂದ ಅಲ್ಲ. ಜಾಸ್ತಿ ದುಡ್ಡು ಹೋಗುವುದು ಇವೆರಡರ ಮಧ್ಯದಲ್ಲೇ.

[ತೆರೆಯ ಮೇಲೆ: ತೊಗರಿಬೇಳೆ 1 ಕೆಜಿ. ಎಂಆರ್‌ಪಿ 210. ಶೆಲ್ಫ್ ಚೀಟಿ 165. ಬಿಲ್ 182.]

ಒಂದು ಉದಾಹರಣೆ ನೋಡಿ. ಬೇಳೆ ಪ್ಯಾಕೆಟ್ ಮೇಲೆ ಎಂಆರ್‌ಪಿ 210. ಶೆಲ್ಫ್ ಚೀಟಿಯಲ್ಲಿ 165 ಅಂತ ಇತ್ತು, ಅದನ್ನು ನೋಡಿಯೇ ನೀವು ತೆಗೆದುಕೊಂಡಿರಿ. ಬಿಲ್‌ನಲ್ಲಿ ಬಿದ್ದದ್ದು 182. ನಿಮ್ಮಿಂದ 17 ರೂಪಾಯಿ ಜಾಸ್ತಿ ಹೋಯಿತು. ಆದರೆ ಬಿಲ್ ಹೇಳುವುದೇನು? "ನೀವು 28 ರೂಪಾಯಿ ಉಳಿಸಿದ್ದೀರಿ!" ಕಳೆದುಕೊಂಡದ್ದೂ ಉಳಿತಾಯದ ಲೆಕ್ಕಕ್ಕೇ ಬಂತು.

ಇದು ಹೇಗೆ ಆಗುತ್ತದೆ? ಪ್ರತಿ ಸಲವೂ ಮೋಸ ಅಂತಲೇ ಹೇಳಲಾಗುವುದಿಲ್ಲ. ಪ್ಯಾಕೆಟ್ ಮೇಲಿನ ಬಾರ್‌ಕೋಡ್ ನೋಡಿ, ತುಂಬಾ ಸಲ 890 ಅಂತ ಶುರುವಾಗಿರುತ್ತದೆ. ಅದರೊಳಗೆ ಬೆಲೆ ಇರುವುದಿಲ್ಲ. ಇರುವುದು ವಸ್ತುವಿನ ನಂಬರ್ ಮಾತ್ರ. ಬೆಲೆ ಇರುವುದು ಅಂಗಡಿಯ ಕಂಪ್ಯೂಟರ್‌ನಲ್ಲಿ. ಶೆಲ್ಫ್ ಚೀಟಿ ಬದಲಿಸುವವರು ಒಬ್ಬರು, ಕಂಪ್ಯೂಟರ್‌ನಲ್ಲಿ ದರ ಬದಲಿಸುವವರು ಇನ್ನೊಬ್ಬರು. ಆಫರ್ ನಿನ್ನೆ ರಾತ್ರಿಗೆ ಮುಗಿಯಿತು, ಚೀಟಿ ಮಾತ್ರ ಅಲ್ಲೇ ಉಳಿಯಿತು. ಬಿಲ್ ಹಾಕುವ ಹುಡುಗಿಗೆ ಇದು ಗೊತ್ತೇ ಇರುವುದಿಲ್ಲ. ಹಾಗಾಗಿ ದಯವಿಟ್ಟು ಅವಳ ಮೇಲೆ ರೇಗಬೇಡಿ.

ಇನ್ನೊಂದು ತಮಾಷೆ ಇದೆ. ಒಂದೇ ಬಾರ್‌ಕೋಡ್, ಎರಡು ಮೂರು ಎಂಆರ್‌ಪಿ. 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಮೇಲಿನ ಜಿಎಸ್‌ಟಿ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. ಬೆಣ್ಣೆ, ತುಪ್ಪದ್ದು 12ರಿಂದ 5ಕ್ಕೆ ಬಂತು. ಹಳೇ ದರದ ಸ್ಟಾಕ್, ಹೊಸ ದರದ ಸ್ಟಾಕ್ ಒಂದೇ ಶೆಲ್ಫ್‌ನಲ್ಲಿ ಕುಳಿತವು. ಇಂಥ ವಸ್ತು ಸ್ಕ್ಯಾನ್ ಮಾಡಿದಾಗ ಅನೇಕ ಅಂಗಡಿಗಳಲ್ಲಿ ಕಂಪ್ಯೂಟರ್ "ಯಾವ ಎಂಆರ್‌ಪಿ?" ಅಂತ ಪಟ್ಟಿ ತೋರಿಸುತ್ತದೆ. ಬಿಲ್ ಹಾಕುವವರು ಪ್ಯಾಕೆಟ್ ತಿರುಗಿಸಿ ನೋಡಿ ಆರಿಸಬೇಕು. ಭಾನುವಾರ ಸಂಜೆ, ಹಿಂದೆ ಉದ್ದ ಕ್ಯೂ. ಯಾರು ತಿರುಗಿಸಿ ನೋಡುತ್ತಾರೆ? ಮೊದಲು ಕಂಡದ್ದನ್ನು ಒತ್ತುತ್ತಾರೆ.

ಬಿಲ್‌ನಲ್ಲಿ ಎಂಆರ್‌ಪಿಗೇ ಬೇರೆ ಕಾಲಂ ಇದ್ದರೆ ಅದನ್ನು ಪ್ಯಾಕೆಟ್ ಜೊತೆ ಹೋಲಿಸಿ. ಪ್ಯಾಕೆಟ್‌ನಲ್ಲಿ ಇರುವುದಕ್ಕಿಂತ ಬಿಲ್‌ನಲ್ಲಿ ಜಾಸ್ತಿ ಎಂಆರ್‌ಪಿ ಕಂಡರೆ ತಪ್ಪು ಎಲ್ಲಾಯಿತು ಅಂತ ಹುಡುಕಬೇಕಾಗಿಲ್ಲ, ಸಿಕ್ಕಿಬಿಟ್ಟಿತು. ಹಾಗೇ, ದರ ಇಳಿದಾಗ ಹಚ್ಚುವ ಹೊಸ ಸ್ಟಿಕ್ಕರ್ ಹಳೇ ಎಂಆರ್‌ಪಿಯನ್ನು ಮುಚ್ಚುವ ಹಾಗಿಲ್ಲ. ಎರಡೂ ಕಾಣಬೇಕು.

[ತೆರೆಯ ಮೇಲೆ: ತರಕಾರಿ ತೂಗುವ ಕೌಂಟರ್.]

ಈಗ ತರಕಾರಿ, ಹಣ್ಣಿನ ಕಡೆ ಬನ್ನಿ. ನನ್ನ ಪ್ರಕಾರ ಇಲ್ಲಿ ಕಣ್ಣು ಇನ್ನೂ ಚುರುಕಾಗಿರಬೇಕು. ತೂಗುವವರು ಕೋಡ್ ಒತ್ತಿ ಸ್ಟಿಕ್ಕರ್ ಅಂಟಿಸುತ್ತಾರೆ. ನೀವು ಆರಿಸಿದ್ದು ರಸಪುರಿ ಮಾವು, ಸ್ಟಿಕ್ಕರ್‌ನಲ್ಲಿ ಬಾದಾಮಿ. ನೀವು ಹಾಕಿದ್ದು ಮಾಮೂಲಿ ಈರುಳ್ಳಿ, ಬಂದದ್ದು ಸಾಂಬಾರ್ ಈರುಳ್ಳಿ ರೇಟು. ಕೋಡ್ ಒಂದು ಅಂಕಿ ತಪ್ಪಿದರೆ ಸಾಕು. ಸ್ಟಿಕ್ಕರ್ ಅಂಟಿಸಿದ ತಕ್ಷಣ ಅಲ್ಲೇ ಹೆಸರು, ಕೆಜಿ ದರ, ತೂಕ ಮೂರೂ ನೋಡಿ. ಬಿಲ್ ಕೌಂಟರ್‌ಗೆ ಹೋದ ಮೇಲೆ ಅದೇ ಸ್ಟಿಕ್ಕರ್ ಸ್ಕ್ಯಾನ್ ಆಗುತ್ತದೆ, ತಪ್ಪು ಹಾಗೇ ಮುಂದಕ್ಕೆ ಹೋಗುತ್ತದೆ.

ಸಿಹಿತಿಂಡಿ ಕೊಳ್ಳುವಾಗ ಡಬ್ಬಿಯ ತೂಕ ಕಳೆದಿದ್ದಾರಾ ಕೇಳಿ. ಬರ್ಫಿ ಕೆಜಿಗೆ 1000 ರೂಪಾಯಿ ಅಂದುಕೊಳ್ಳಿ. 80 ಗ್ರಾಂ ರಟ್ಟಿಗೆ 80 ರೂಪಾಯಿ ಕೊಟ್ಟ ಹಾಗಾಯಿತು. ರಟ್ಟನ್ನು ಯಾರೂ ತಿನ್ನುವುದಿಲ್ಲ.

ಉಳಿದವು ಬೇಗ ಹೇಳಿಬಿಡುತ್ತೇನೆ. ಒಂದೇ ವಸ್ತು ಎರಡು ಸಲ ಸ್ಕ್ಯಾನ್ ಆಗಿರಬಹುದು, ಅದಕ್ಕೆ ವಸ್ತುಗಳ ಎಣಿಕೆ ನೋಡಿ. "ಒಂದು ಕೊಂಡರೆ ಒಂದು ಉಚಿತ" ಇದ್ದರೆ ಎರಡಕ್ಕೂ ದುಡ್ಡು ಬಿದ್ದಿದೆಯಾ ನೋಡಿ. ಇನ್ನು ಬಿಲ್‌ನ ತಳದಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಅಂತ ಒಂದು ಪಟ್ಟಿ ಬರುತ್ತದೆ. ಅದನ್ನು ನೋಡಿ ಗಾಬರಿ ಬೇಡ. ಅದು ಬೆಲೆಯೊಳಗೇ ಇರುವ ತೆರಿಗೆಯನ್ನು ಬಿಡಿಸಿ ತೋರಿಸುವುದು ಅಷ್ಟೇ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಎಂಆರ್‌ಪಿ ಮೇಲೆ ಮತ್ತೆ ಜಿಎಸ್‌ಟಿ ಅಂದರೆ ಒಪ್ಪಬೇಡಿ. ಹಾಲಿನ ಪ್ಯಾಕೆಟ್‌ಗೆ, ತಂಪು ಪಾನೀಯಕ್ಕೆ "ಫ್ರಿಜ್ ಕರೆಂಟ್ ಬಿಲ್ ಸರ್" ಅಂತ ಒಂದೆರಡು ರೂಪಾಯಿ ಸೇರಿಸುವುದೂ ತಪ್ಪೇ.

ಕೈಚೀಲದ ದುಡ್ಡು? ಕೇಳದೆ, ಮೊದಲೇ ತಿಳಿಸದೆ, ಬಿಲ್ ಹಾಕುವ ಹೊತ್ತಿಗೆ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ಬಿಗ್ ಬಜಾರ್ ಪ್ರಕರಣದಲ್ಲಿ ಹೇಳಿದೆ. ಅದಕ್ಕೂ ಮೊದಲು, 2019ರಲ್ಲಿ, ಚಂಡೀಗಢದ ಗ್ರಾಹಕ ವೇದಿಕೆ 3 ರೂಪಾಯಿ ಚೀಲಕ್ಕಾಗಿ ಬಾಟಾ ಕಂಪನಿಗೆ 9,000 ರೂಪಾಯಿ ಕಟ್ಟಲು ಹೇಳಿತ್ತು. ಮೂರು ರೂಪಾಯಿಗೆ ಒಬ್ಬರು ಅಷ್ಟು ದೂರ ಹೋದರಲ್ಲ, ಮೆಚ್ಚಬೇಕು.

[ತೆರೆಯ ಮೇಲೆ: ಗ್ರಾಹಕ ಸೇವಾ ಕೌಂಟರ್.]

ತಪ್ಪು ಸಿಕ್ಕಿತು. ಈಗ ದುಡ್ಡು ವಾಪಸ್ ಕೇಳುವುದು ಹೇಗೆ?

ಅಂಗಡಿಯಿಂದ ಹೊರಗೆ ಕಾಲಿಡುವ ಮೊದಲೇ ನೋಡಿ. ಬಿಲ್ ಆದ ಮೇಲೆ ಟ್ರಾಲಿ ಪಕ್ಕಕ್ಕೆ ತಳ್ಳಿ ಎರಡು ನಿಮಿಷ ನಿಲ್ಲಿ. ಎಲ್ಲ ಸಾಲೂ ಬೇಕಾಗಿಲ್ಲ. ಆಫರ್ ನೋಡಿ ತಗೊಂಡದ್ದು, ತೂಕದ ವಸ್ತು, ದುಬಾರಿ ವಸ್ತು, ಇಷ್ಟು ಸಾಕು. ವ್ಯತ್ಯಾಸ ಕಂಡರೆ ವಾಪಸ್ ಹೋಗಿ ಶೆಲ್ಫ್ ಚೀಟಿಯ ಫೋಟೋ ತೆಗೆಯಿರಿ. ಇದು ಮುಖ್ಯ. ಎಂಆರ್‌ಪಿ ದಾಟಿದ್ದರೆ ಪ್ಯಾಕೆಟ್ಟೇ ಸಾಕ್ಷಿ. ಎಂಆರ್‌ಪಿ ಒಳಗಿನ ವ್ಯತ್ಯಾಸಕ್ಕೆ ಆ ಚೀಟಿ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ. ನೀವು ಮಾತಾಡಿ ಮುಗಿಸುವಷ್ಟರಲ್ಲಿ ಅದನ್ನು ಯಾರಾದರೂ ಕಿತ್ತುಬಿಡಬಹುದು.

ಕೌಂಟರ್‌ನಲ್ಲಿ ಸಿಗುವ ಮೊದಲ ಉತ್ತರ: "ಸಿಸ್ಟಮ್‌ನಲ್ಲಿ ಹೀಗೇ ಬರ್ತಿದೆ ಮೇಡಂ." ಅದಕ್ಕೆ ಸುಮ್ನೆ ಇಷ್ಟು ಹೇಳಿ: "ಸರಿ, ಆದರೆ ನಾನು ತಗೊಂಡದ್ದು ನೀವು ಹಾಕಿದ ರೇಟು ನೋಡಿ. ವ್ಯತ್ಯಾಸ ಕೊಡಿ, ಇಲ್ಲಾಂದ್ರೆ ವಸ್ತು ವಾಪಸ್ ತಗೊಳ್ಳಿ." ಮ್ಯಾನೇಜರ್ ಬಂದರೆ ಹೆಚ್ಚಿನ ಕಡೆ ಅಲ್ಲಿಗೇ ಮುಗಿಯುತ್ತದೆ. ಕ್ರೆಡಿಟ್ ನೋಟ್ ಕೊಟ್ಟರೆ ಅದು ಆ ಅಂಗಡಿಯಲ್ಲಿ ಮಾತ್ರ ನಡೆಯುತ್ತದೆ. ತಪ್ಪು ಅವರದ್ದಾದ್ದರಿಂದ, ಕೊಟ್ಟ ದಾರಿಯಲ್ಲೇ ದುಡ್ಡು ವಾಪಸ್ ಕೇಳಿ. ಕ್ಯಾಷ್ ಕೊಟ್ಟಿದ್ದರೆ ಕ್ಯಾಷ್, ಯುಪಿಐ ಆದರೆ ಯುಪಿಐ.

"ಮಾರಿದ ವಸ್ತು ವಾಪಸ್ ಪಡೆಯುವುದಿಲ್ಲ" ಅಂತ ಬಿಲ್‌ನಲ್ಲಿ ಅಚ್ಚಾಗಿದೆಯಾ? ಹಾಳಾದ, ದೋಷವಿರುವ ವಸ್ತುವಿಗೆ ಆ ಮಾತು ನಡೆಯುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ದುಡ್ಡು ಕೊಡಬೇಕು. ಬಿಲ್ ಕೊಡದಿರುವುದೂ ಇದೇ ಕಾಯ್ದೆಯಲ್ಲಿ ತಪ್ಪು. ಅಂದ ಹಾಗೆ, ಈ ಬಿಲ್ ಕಾಗದದ ಮೇಲಿನ ಅಕ್ಷರ ಬಿಸಿಗೆ ಅಳಿಸಿಹೋಗುತ್ತದೆ. ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ.

ಅಂಗಡಿಯವರು ಕೇಳಲೇ ಇಲ್ಲ ಅಂದರೆ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಎಂಆರ್‌ಪಿ ದಾಟಿದ್ದು, ತೂಕ ಕಡಿಮೆ ಬಂದದ್ದು ಇದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಹಳಬರು ತೂಕ ಮತ್ತು ಅಳತೆ ಇಲಾಖೆ ಅನ್ನುತ್ತಾರಲ್ಲ, ಅದೇ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಬೆಲೆ 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. 17 ರೂಪಾಯಿಗೆ ಆಯೋಗದ ತನಕ ಹೋಗಿ ಅಂತ ನಾನು ಹೇಳುವುದಿಲ್ಲ. ಆದರೆ ಅದೇ ಶೆಲ್ಫ್‌ನಲ್ಲಿ ಮುಂದಿನ ವಾರವೂ ಅದೇ ತಪ್ಪು ಚೀಟಿ ಇದ್ದರೆ ಅದು ಮರೆವು ಅಲ್ಲ. ಆಗ 1915ಕ್ಕೆ ಫೋನ್ ಮಾಡಿ.

ಅಮೆರಿಕದ ಮಿಷಿಗನ್‌ನಲ್ಲಿರುವ ನಮ್ಮ ವೀಕ್ಷಕರಿಗೆ ಒಂದು ಮಾತು. ಅಲ್ಲಿ ಸ್ಕ್ಯಾನ್ ಆದ ಬೆಲೆ ಬರೆದ ಬೆಲೆಗಿಂತ ಜಾಸ್ತಿ ಇದ್ದರೆ ವ್ಯತ್ಯಾಸದ ಜೊತೆಗೆ ಅದರ ಹತ್ತು ಪಟ್ಟು ಕೇಳಬಹುದು. ಕಡಿಮೆ ಅಂದರೆ 1 ಡಾಲರ್, ಜಾಸ್ತಿ ಅಂದರೆ 5 ಡಾಲರ್. ಬಿಲ್ ಆಗಿ 30 ದಿನದೊಳಗೆ ಅಂಗಡಿಗೆ ತಿಳಿಸಬೇಕು. ಇಲ್ಲಿ ಅಂಥ ನಿಯಮ ಬಂದರೆ ಶೆಲ್ಫ್ ಚೀಟಿಗಳು ರಾತ್ರೋರಾತ್ರಿ ಸರಿಯಾಗುತ್ತವೆ ಅಂತ ನನ್ನ ಅನುಮಾನ.

ನಿಮ್ಮ ಬಿಲ್‌ನಲ್ಲಿ ಏನು ಸಿಕ್ಕಿತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಬಿಲ್ ಫೋಟೋ ಎಲ್ಲಾದರೂ ಹಾಕುವುದಾದರೆ ಮೊದಲು ಅದರ ಮೇಲಿರುವ ನಿಮ್ಮ ಮೊಬೈಲ್ ನಂಬರ್ ಮುಚ್ಚಿ. ನಂಬರ್ ಕೊಡಲೇಬೇಕು ಅಂತ ಅಂಗಡಿಯವರು ಒತ್ತಾಯ ಮಾಡಬಾರದು ಅಂತ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ಹೇಳಿದೆ. "ನಂಬರ್ ಇಲ್ಲದೇನೇ ಬಿಲ್ ಹಾಕಿ" ಅಂದರೆ ಬಿಲ್ ಬರುತ್ತದೆ.