ಒಂದೇ ಪಾತ್ರೆಯ ಕೋಳಿ ಪಾಸ್ತಾ, ಎಲ್ಲರಿಗೂ ಒಂದೇ ಸಲಕ್ಕೆ ಊಟ

ಎಲ್ಲರಿಗೂ ನಮಸ್ಕಾರ. ಕೋಲಾರದಿಂದ ಮಾತಾಡುತ್ತಿದ್ದೇನೆ. ಈಗ ರಾತ್ರಿ ಒಂಬತ್ತೂವರೆ. ಊಟ ಆಯಿತು, ಪಾತ್ರೆ ತೊಳೆದೂ ಆಯಿತು. ಇದ್ದದ್ದು ಒಂದು ಪಾತ್ರೆ, ಐದು ತಟ್ಟೆ. ಅದಕ್ಕೇ ನಿಮ್ಮ ಹತ್ತಿರ ಕೂತು ಮಾತಾಡಲು ಸಮಯ ಸಿಕ್ಕಿದೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯಲ್ಲಿ ರಾತ್ರಿ ಕೊನೆಗೆ ಊಟಕ್ಕೆ ಕೂರುವವರು ಯಾರು?

ನಮ್ಮ ಕಡೆ ಇದಕ್ಕೆ ಯೋಚನೆ ಮಾಡುವುದೇ ಬೇಡ. ಮುದ್ದೆ ಮಾಡುವವರು. ಮುದ್ದೆ ಬಿಸಿ ಇರುವಾಗಲೇ ಚೆಂದ. ಎಸರು ಕುದಿಸಬೇಕು, ಹಿಟ್ಟು ಹಾಕಿ ಬೇಯಿಸಬೇಕು, ಕೋಲಿನಲ್ಲಿ ಗಂಟಿಲ್ಲದ ಹಾಗೆ ತಿರುವಬೇಕು. ಆಮೇಲೆ ಕೈಗೆ ನೀರು ಹಚ್ಚಿಕೊಂಡು, ಸುಡುತ್ತಿರುವಾಗಲೇ ಉಂಡೆ ಕಟ್ಟಿ ತಟ್ಟೆಗೆ ಹಾಕಬೇಕು, ಮೇಲೆ ಸಾರು ಬಿಡಬೇಕು. ಒಬ್ಬರಿಗೆ ಆಯಿತು ಅನ್ನುವಷ್ಟರಲ್ಲಿ ಇನ್ನೊಬ್ಬರು ಕೂರುತ್ತಾರೆ. ನಮ್ಮಮ್ಮ ಜೀವನವಿಡೀ ಒಲೆ ಪಕ್ಕ ನಿಂತುಕೊಂಡೇ ಉಂಡರು. ತಟ್ಟೆ ಕಟ್ಟೆಯ ಮೇಲೆ, ಒಂದು ಕೈಯಲ್ಲಿ ಸೌಟು. ಅವರ ಪಾಲಿನ ಮುದ್ದೆ ಯಾವಾಗಲೂ ಆರಿರುತ್ತಿತ್ತು. ಮದುವೆಯಾದ ಮೇಲೆ ನಾನೂ ಹನ್ನೆರಡು ವರ್ಷ ಹಾಗೇ ಉಂಡೆ. ಯಾರೂ ಹೇಳಿದ್ದಲ್ಲ. ಯಾರಾದರೂ ಬಡಿಸಬೇಕಲ್ಲ, ಆ ಯಾರಾದರೂ ನಾನೇ ಆಗಿದ್ದೆ.

ಮುದ್ದೆ ನನಗೆ ಪ್ರಾಣ. ಭಾನುವಾರ ನಾಟಿ ಕೋಳಿ ಸಾರು ಇದ್ದರೆ ಅದಕ್ಕೆ ಮುದ್ದೆ ಬಿಟ್ಟು ಬೇರೇನನ್ನೂ ನಾನು ಒಪ್ಪುವುದಿಲ್ಲ. ಆದರೆ ವಾರದ ದಿನಗಳ ಕಥೆ ಬೇರೆ. ನಾನು ಬೆಂಗಳೂರಿಂದ ಬಸ್ಸಿಳಿದು ಮನೆ ಸೇರುವಾಗ ಏಳೂವರೆ. ನಮ್ಮನೆಯವರಿಗೆ ನರಸಾಪುರದಲ್ಲಿ ಶಿಫ್ಟ್ ಕೆಲಸ. ಒಂದು ವಾರ ಬೆಳಿಗ್ಗೆ, ಒಂದು ವಾರ ಸಂಜೆ. ಇಬ್ಬರು ಮಕ್ಕಳು ಹಸಿದಿರುತ್ತಾರೆ, ಹೋಂವರ್ಕ್ ಅರ್ಧ ಆಗಿರುತ್ತದೆ. ಅತ್ತೆಗೆ ಎಂಟೂವರೆಗೆ ಮಾತ್ರೆ, ಅದಕ್ಕೂ ಮುಂಚೆ ಹೊಟ್ಟೆಗೆ ಏನಾದರೂ ಬೀಳಬೇಕು. ಅಂಥ ರಾತ್ರಿ ಅನ್ನ ಒಂದು ಕಡೆ, ಸಾರು ಒಂದು ಕಡೆ, ಪಲ್ಯ ಒಂದು ಕಡೆ ಅಂತ ಮೂರು ಒಲೆ ಹಚ್ಚುವುದು ಯಾಕೆ? ಒಂದು ಪಾತ್ರೆ ಇಳಿಸಿ ಮಧ್ಯದಲ್ಲಿಟ್ಟು, ಮಾಡಿದವರೂ ಸೇರಿ ಎಲ್ಲರೂ ಒಟ್ಟಿಗೆ ಉಣ್ಣುವುದೇ ಸರಿ ಅಂತ ನಾನು ನಂಬುತ್ತೇನೆ. ನಮ್ಮ ಮನೆಯಲ್ಲಿ ಅದನ್ನು ಸಾಧ್ಯ ಮಾಡಿದ್ದು ಕೋಳಿ ಹಾಕಿದ ಹಾಲಿನ ಪಾಸ್ತಾ.

ಇಲ್ಲಿ ಕೆಲವರು ಕೇಳುತ್ತೀರಿ, ಕೋಲಾರದಲ್ಲಿ ಕೂತು ಪಾಸ್ತಾನಾ ಅಂತ. ಕೇಳಿ, ತಪ್ಪೇನಿಲ್ಲ. ಆದರೆ ನಾವು ಶ್ಯಾವಿಗೆ ಒತ್ತಿದವರು. ಹಿಟ್ಟು ನಾದಿ, ಆಕಾರ ಕೊಟ್ಟು, ಒಣಗಿಸಿ ಇಟ್ಟುಕೊಂಡು, ಬೇಕಾದಾಗ ಬೇಯಿಸುವುದು ನಮಗೆ ಹೊಸದಲ್ಲ. ಇನ್ನು ಸಾರು ದಪ್ಪಗೆ, ಮೆತ್ತಗೆ ಬರಲಿ ಅಂತ ಗಸಗಸೆ, ಹುರಿಗಡಲೆ, ಕಾಯಿ ರುಬ್ಬಿ ಹಾಕುತ್ತೇವಲ್ಲ, ಇಲ್ಲಿ ಅದೇ ಕೆಲಸವನ್ನು ಹಾಲು ಮತ್ತು ಪಾಸ್ತಾದ ಗಂಜಿ ಮಾಡುತ್ತವೆ.

ಈ ಗಂಜಿ ವಿಷಯ ನನಗೆ ತುಂಬ ಮುಖ್ಯ. ಸಾಮಾನ್ಯವಾಗಿ ಪಾಸ್ತಾವನ್ನು ಬೇರೆ ನೀರಲ್ಲಿ ಬೇಯಿಸಿ, ಬಸಿದು, ಆ ನೀರನ್ನು ಸಿಂಕಿಗೆ ಚೆಲ್ಲಿ, ಆಮೇಲೆ ಸಾಸಿಗೆ ಹಾಕುತ್ತಾರೆ. ಬಸಿದ ನೀರು ಚೆಲ್ಲುವುದು ನಮ್ಮೂರಿನವರಿಗೆ ಹೇಗೆ ಮನಸ್ಸು ಬರುತ್ತದೆ ಹೇಳಿ? ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಿಂದಲೇ ಅಲ್ವಾ ಬಸ್ಸಾರು ಆಗುವುದು? ರುಚಿ ಎಲ್ಲಾ ಇರುವುದು ಅದರಲ್ಲೇ. ಪಾಸ್ತಾದಲ್ಲೂ ಅಷ್ಟೇ. ಬೇಯುವಾಗ ಬಿಡುವ ಗಂಜಿ ಅದೇ ಪಾತ್ರೆಯಲ್ಲಿ ಉಳಿದರೆ, ಸಾಸ್ ತಾನಾಗಿಯೇ ಗಟ್ಟಿಯಾಗುತ್ತದೆ. ಮೈದಾ ಹುರಿದು ಹಾಲಲ್ಲಿ ಕದಡುವ ಕೆಲಸ ತಪ್ಪುತ್ತದೆ. ಕ್ರೀಮ್ ಪ್ಯಾಕೆಟ್ಟೂ ಬೇಡ.

ಸರಿ, ಈಗ ಮಾಡುವ ವಿಧಾನ. ಐದು ಜನಕ್ಕೆ 300 ಗ್ರಾಂ ಪಾಸ್ತಾ, ಅರ್ಧ ಕೆಜಿ ಬೋನ್‌ಲೆಸ್ ಕೋಳಿ. ಅಂಗಡಿಯವರಿಗೆ ತೊಡೆ ಭಾಗವೇ ಬೇಕು ಅಂತ ಹೇಳಿ. ಎದೆ ಭಾಗ ಇಷ್ಟು ಹೊತ್ತು ಬೆಂದರೆ ನಾರುನಾರಾಗುತ್ತದೆ. ಫಾರಂ ಕೋಳಿಯೇ ಆಗಬೇಕು. ನಾಟಿ ಕೋಳಿ ಬೇಯುವಷ್ಟರಲ್ಲಿ ಪಾಸ್ತಾ ಕರಗಿ ಅಂಬಲಿಯಾಗಿರುತ್ತದೆ.

ಪಾಸ್ತಾ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂದೆ ಓದಿ, ದಯವಿಟ್ಟು. ಡ್ಯುರಮ್ ಗೋಧಿಯ ರವೆ ಅಂತ ಇರಬೇಕು. ಡ್ಯುರಮ್ ಅಂದರೆ ಗಟ್ಟಿ ಜಾತಿಯ ಗೋಧಿ, ಅದರಲ್ಲಿ ಪ್ರೋಟೀನ್ ಜಾಸ್ತಿ. ಅದಕ್ಕೇ ಅದು ಕುದಿಯುವ ನೀರಲ್ಲೂ ಆಕಾರ ಬಿಡುವುದಿಲ್ಲ. ಮೈದಾ ಪಾಸ್ತಾವನ್ನು ಒಂದೇ ಪಾತ್ರೆಯಲ್ಲಿ ಮಾಡಿದರೆ ಮುದ್ದೆಯಾಗಿಬಿಡುತ್ತದೆ. ನಮ್ಮ ರಾಗಿ ಮುದ್ದೆಯಂಥ ಒಳ್ಳೆಯ ಮುದ್ದೆ ಅಲ್ಲ, ಅಂಟಂಟು.

ದಪ್ಪ ತಳದ ಪಾತ್ರೆ ಇಡಿ. ಎರಡು ಚಮಚ ಎಣ್ಣೆ. ಕೋಳಿಗೆ ಉಪ್ಪು, ಚಿಟಿಕೆ ಅರಿಶಿನ, ಒಂದು ಚಮಚ ಕಾಳುಮೆಣಸಿನ ಪುಡಿ ಸವರಿ, ಪಾತ್ರೆಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಎರಡು ನಿಮಿಷ ಕೈ ಹಾಕಬೇಡಿ. ಇದು ಕಷ್ಟ, ನಮಗೆ ಸುಮ್ನೆ ಕೈಯಾಡಿಸುವ ಅಭ್ಯಾಸ. ಆದರೆ ಬಿಟ್ಟರೆ ಮಾತ್ರ ತಳದಲ್ಲಿ ಕೆಂಪಗೆ ಒಂದು ಪದರ ಹಿಡಿಯುತ್ತದೆ, ಆ ಕೆಂಪಿನಲ್ಲೇ ಇರುವುದು ಪರಿಮಳ. ಮಗುಚಿ ಇನ್ನೆರಡು ನಿಮಿಷ. ಆಮೇಲೆ ಒಂದು ದೊಡ್ಡ ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಹೆಚ್ಚಿ ಹಾಕಿ. ಈರುಳ್ಳಿ ನೀರು ಬಿಟ್ಟ ತಕ್ಷಣ ತಳದ ಕೆಂಪನ್ನು ಮರದ ಸೌಟಿನಲ್ಲಿ ಕೆರೆದು ಬಿಡಿಸಿ. ಒಂದು ಟೊಮೆಟೊ ಹಾಕಿ ಹಸಿ ವಾಸನೆ ಹೋಗುವ ತನಕ ಬಾಡಿಸಿ.

ಒಂದೇ ಟೊಮೆಟೊ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದನ್ನು ಊರಲ್ಲಿ ಇಟ್ಟುಕೊಂಡು ಒಂದೇ ಯಾಕೆ ಅಂತ ಕೇಳಬಹುದು. ಅದಕ್ಕೊಂದು ಕಾರಣ ಇದೆ. ಮೊದಲ ಸಲ ಮಾಡಿದಾಗ ನಾಲ್ಕು ಟೊಮೆಟೊ ಹಾಕಿದ್ದೆ. ಕುದಿಯುತ್ತಿರುವಾಗಲೇ ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಹಾಲು ಸುರಿದೆ. ಕಣ್ಣೆದುರಿಗೇ ಹಾಲು ಒಡೆಯಿತು. ಬಿಳಿ ಬಿಳಿ ತರಿ, ಸುತ್ತ ಹಳದಿ ನೀರು, ಕೋಳಿ ತುಂಡಿಗೆಲ್ಲ ಅಂಟಿಕೊಂಡ ಗಿಣ್ಣಿನಂಥ ಚೂರು. ಮಕ್ಕಳು ತಟ್ಟೆ ಮುಂದೆ ಕೂತಿದ್ದರು. ಆ ರಾತ್ರಿ ಅಷ್ಟನ್ನೂ ಪಕ್ಕಕ್ಕಿಟ್ಟು ಅನ್ನಕ್ಕೆ ಮೊಸರು ಕಲಸಿ ಕೊಟ್ಟೆ. ಅಳು ಬಂದಿತ್ತು, ನಿಜವಾಗಿಯೂ.

ಆಮೇಲೆ 2023ರ ಜುಲೈ ಬಂತು. ನೆನಪಿದೆಯಲ್ಲ? ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ನಮ್ಮ ಮಾರುಕಟ್ಟೆಯಲ್ಲಿ 15 ಕೆಜಿಯ ಒಂದು ಬಾಕ್ಸ್ ಎಷ್ಟಕ್ಕೆ ಹೋಯಿತು ಅನ್ನುವುದೇ ಊರೆಲ್ಲ ಮಾತು. ಬೆಳೆದವರ ಕೈಗೆ ನಾಲ್ಕು ಕಾಸು ಬಂದ ದಿನಗಳು ಅವು, ನನಗೆ ಅದರಲ್ಲಿ ಖುಷಿಯೇ ಇತ್ತು. ಬೆಲೆ ಬಿದ್ದಾಗ ಇದೇ ಹಣ್ಣನ್ನು ರಸ್ತೆ ಬದಿ ಸುರಿದು ಹೋಗುವುದನ್ನೂ ನೋಡಿದ್ದೇವೆ. ಇರಲಿ. ಆ ತಿಂಗಳು ಟೊಮೆಟೊ ಇಲ್ಲದೆಯೇ ಪಾಸ್ತಾ ಮಾಡಿದೆ. ಹಾಲು ಒಡೆಯಲಿಲ್ಲ. ಆಗ ತಿಳಿಯಿತು, ತಪ್ಪು ಹಾಲಿನದ್ದಲ್ಲ, ಹುಳಿಯದ್ದು ಮತ್ತು ನನ್ನ ಅವಸರದ್ದು. ಹುಳಿಯೂ ಜೋರು ಕಾವೂ ಒಟ್ಟಿಗೆ ಸಿಕ್ಕರೆ ಹಾಲು ನಿಲ್ಲುವುದಿಲ್ಲ. ಈಗ ಬಣ್ಣಕ್ಕೆ, ರುಚಿಗೆ ಒಂದು ಹಣ್ಣು, ಅದೂ ಚೆನ್ನಾಗಿ ಬಾಡಿಸಿ. ಹಾಲು ಕೊನೆಗೆ.

ಬಾಡಿದ ಮೇಲೆ ಮೂರು ಲೋಟ ಬಿಸಿನೀರು. ನನ್ನ ಲೋಟ 200 ಎಂಎಲ್‌ನದ್ದು. ಉಪ್ಪು ಸ್ವಲ್ಪ ಕಡಿಮೆಯೇ ಹಾಕಿ, ಚೀಸ್‌ನಲ್ಲಿ ಉಪ್ಪಿರುತ್ತದೆ. ನೀರು ಕುದಿ ಬಂದಾಗ ಪಾಸ್ತಾ ಹಾಕಿ, ಮುಳುಗುವ ಹಾಗೆ ಒತ್ತಿ, ಮುಚ್ಚಳ ಮುಚ್ಚಿ, ಉರಿ ಸಣ್ಣದು ಮಾಡಿ. ಎಂಟು ನಿಮಿಷ. ಮಧ್ಯೆ ಎರಡು ಮೂರು ಸಲ ತಳದಿಂದ ಮಗುಚಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಒಂದೂವರೆ ಲೋಟ ಹಾಲು ಬೆಚ್ಚಗಿರಲಿ. ಪಾಸ್ತಾ ಮುಕ್ಕಾಲು ಬೆಂದು, ಗಂಜಿ ಬಿಟ್ಟು, ನೀರು ಮಂದವಾಗಿರುತ್ತದೆ. ಆಗ ಹಾಲನ್ನು ನಿಧಾನಕ್ಕೆ ಬಿಡಿ. ಗಂಜಿ ಸೇರಿದ ನೀರಲ್ಲಿ ಹಾಲು ಸುಲಭಕ್ಕೆ ಒಡೆಯುವುದಿಲ್ಲ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ. ಒಂದು ದೊಡ್ಡ ತುಂಡು ಕೋಳಿ ಬಿಡಿಸಿ ನೋಡಿ, ಒಳಗೆ ಗುಲಾಬಿ ಬಣ್ಣ ಇರಬಾರದು.

ಒಲೆ ಆರಿಸಿ. ಈಗ ಕೆನೆ. ಹಾಲು ಕಾಯಿಸಿ ಆರಿದ ಮೇಲೆ ಮೇಲೆ ಕಟ್ಟುತ್ತದಲ್ಲ, ಬೆಣ್ಣೆಗೆ ಅಂತ ಡಬ್ಬಿಯಲ್ಲಿ ಎತ್ತಿಡುತ್ತೇವಲ್ಲ, ಅದೇ. ಮೂರು ಚಮಚ ಕೆನೆ ಒಡೆದು ಕಲಸಿ, ಎರಡು ಕ್ಯೂಬ್ ಚೀಸ್ ತುರಿದು ಹಾಕಿ, ಇನ್ನೊಂದಿಷ್ಟು ಕಾಳುಮೆಣಸಿನ ಪುಡಿ, ಮೇಲೆ ಕೊತ್ತಂಬರಿ. ಇಳಿಸಿದಾಗ ಸ್ವಲ್ಪ ನೀರುನೀರಾಗಿಯೇ ಕಾಣುತ್ತದೆ. ಗಾಬರಿ ಬೇಡ. ಮುಚ್ಚಿಟ್ಟು ಐದು ನಿಮಿಷ ಬಿಟ್ಟರೆ ಸೌಟಿಗೆ ಹಿಡಿಯುವಷ್ಟು ದಪ್ಪ ಆಗುತ್ತದೆ. ಆ ಐದು ನಿಮಿಷದಲ್ಲಿ ಮಕ್ಕಳು ಚಾಪೆ ಹಾಸಿ, ತಟ್ಟೆ, ನೀರು ಇಡುತ್ತಾರೆ. ನಾನು ಮುಖ ತೊಳೆದು ಬರುತ್ತೇನೆ.

ಅತ್ತೆಯ ವಿಷಯ ಹೇಳದೆ ಇದು ಮುಗಿಯುವುದಿಲ್ಲ. ಮೊದಲು ಅವರು ಇದನ್ನು ಮುಟ್ಟಲಿಲ್ಲ. "ಹಾಲು, ಮಾಂಸ ಒಟ್ಟಿಗೆ ತಿನ್ನಬಾರದು ಕಣಮ್ಮ, ತೊನ್ನು ಬರುತ್ತೆ" ಅಂದರು. ಈ ಮಾತು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ತೊನ್ನು ಹಾಗೆ ಬರುವುದಲ್ಲ. ದೇಹದ ರಕ್ಷಣೆಗೆ ಇರುವ ಶಕ್ತಿಯೇ ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ತಿರುಗಿಬಿದ್ದಾಗ ಬರುತ್ತದೆ. ಬಿರಿಯಾನಿಗೆ ಕೋಳಿಯನ್ನು ಮೊಸರಲ್ಲೇ ನೆನೆಸುತ್ತೇವೆ, ಮೊಸರೂ ಹಾಲೇ ಅಲ್ವಾ? ಇದನ್ನೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡರು, ಆದರೆ ಮನಸ್ಸು ಒಪ್ಪಲಿಲ್ಲ. ಎಪ್ಪತ್ತು ವರ್ಷ ನಂಬಿಕೊಂಡು ಬಂದದ್ದನ್ನು ಒಂದು ಊಟಕ್ಕಾಗಿ ಬಿಡಿ ಅನ್ನುವುದು ನನಗೂ ಸರಿ ಅನಿಸಲಿಲ್ಲ. ಹಾಗಂತ ಅವರಿಗೊಬ್ಬರಿಗೇ ಬೇರೆ ಅಡುಗೆ ಮಾಡಿದರೆ ಒಂದೇ ಪಾತ್ರೆ ಅನ್ನುವ ಮಾತಿಗೆ ಅರ್ಥ ಎಲ್ಲಿ? ಅದಕ್ಕೇ ಹಾಲು ಬಿಟ್ಟು ತೆಂಗಿನಕಾಯಿ ಹಾಲು ಹಾಕಿದೆ. ಕೆನೆ, ಚೀಸ್ ಎರಡನ್ನೂ ಬಿಟ್ಟೆ. ತಿಪಟೂರಿನ ಕಡೆಯ ಕಾಯಿ, ತುರಿದು ಬಿಸಿನೀರಲ್ಲಿ ರುಬ್ಬಿ ಹಿಂಡಿದ ಮೊದಲ ಹಾಲು, ಒಂದೂವರೆ ಲೋಟ. ಅದೂ ಜೋರಾಗಿ ಕುದ್ದರೆ ಒಡೆಯುತ್ತದೆ, ಅದಕ್ಕೆ ಕೊನೆಗೇ. ಜೊತೆಗೆ ಒಂದು ಎಸಳು ಕರಿಬೇವು. ಅತ್ತೆ ಒಂದು ಚಮಚ ಬಾಯಿಗಿಟ್ಟು, "ಇದು ನಮ್ಮ ಸಾರಿನ ಹಾಗೇ ಇದೆಯಲ್ಲ" ಅಂದರು. ಈಗ ಒಂದು ವಾರ ಹಸುವಿನ ಹಾಲಿಗೆ ಬದಲು ಕಾಯಿ ಹಾಲು, ಇನ್ನೊಂದು ವಾರ ಕೋಳಿಗೆ ಬದಲು ಅಣಬೆ. ಆ ಎರಡೂ ಅತ್ತೆ ತಿನ್ನುತ್ತಾರೆ. ಸೋಮವಾರ, ಶನಿವಾರ ನಮ್ಮ ಮನೆಯಲ್ಲಿ ಕೋಳಿ ಇಲ್ಲ, ಆ ದಿನಗಳಿಗೂ ಅಣಬೆಯದ್ದು ಸರಿಹೋಗುತ್ತದೆ. ಮಕ್ಕಳಿಗೆ ಚೀಸ್ ಬೇಕಾದರೆ ಅವರವರ ತಟ್ಟೆಗೆ ತುರಿದುಕೊಳ್ಳುತ್ತಾರೆ.

ಇನ್ನೊಂದು ಮಾತು, ಇದನ್ನು ಗಂಡಸರು ಕೇಳಬೇಕು. ಮುದ್ದೆ ತಿರುವಲು ಕೈ ಪಳಗಬೇಕು, ಅದು ವರ್ಷಗಳ ಕೆಲಸ. ಈ ಅಡುಗೆಗೆ ಅಷ್ಟೆಲ್ಲ ಬೇಡ. ಲೋಟದ ಅಳತೆ, ಗಡಿಯಾರ ಎರಡಿದ್ದರೆ ಸಾಕು. ನಮ್ಮನೆಯವರು ಮೂರನೇ ಸಲಕ್ಕೇ ಕಲಿತರು. ಬೆಳಗಿನ ಶಿಫ್ಟ್ ಇರುವ ವಾರ ಈಗ ಇದು ಅವರದ್ದೇ ಕೆಲಸ. ನನಗಿಂತ ಮೆಣಸು ಸ್ವಲ್ಪ ಜಾಸ್ತಿ ಹಾಕುತ್ತಾರೆ, ಚೆನ್ನಾಗಿಯೇ ಇರುತ್ತದೆ.

ಕಳೆದ ಬುಧವಾರ ಹೊಸಕೋಟೆ ಹತ್ತಿರ ನಮ್ಮ ಬಸ್ಸು ನಿಂತುಬಿಟ್ಟಿತು. ಮನೆ ಸೇರುವಾಗ ಎಂಟೂ ಇಪ್ಪತ್ತು. ಬಾಗಿಲು ತೆಗೆದರೆ ಚಾಪೆ ಹಾಸಿತ್ತು, ಮಧ್ಯದಲ್ಲಿ ಮುಚ್ಚಳ ಮುಚ್ಚಿದ ಪಾತ್ರೆ, ಸುತ್ತ ನಾಲ್ಕು ಜನ. ಯಾರೂ ಶುರು ಮಾಡಿರಲಿಲ್ಲ. ಅತ್ತೆಯ ಮಾತ್ರೆ ಪಕ್ಕದಲ್ಲಿ ಹಾಗೇ ಇತ್ತು. ನಾನು ಬ್ಯಾಗ್ ಇಟ್ಟು ಅಡುಗೆಮನೆ ಕಡೆ ಹೊರಟೆ, ಅಭ್ಯಾಸ. ಅತ್ತೆ ತಮ್ಮ ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿ, "ಅಲ್ಲೇನಿದೆ? ಬಾ, ಕೂತ್ಕೋ. ಆರೋಗುತ್ತೆ" ಅಂದರು. ನಮ್ಮ ಚಿಕ್ಕವಳು ಮುಚ್ಚಳ ತೆಗೆದಳು. ಹಬೆ ಎದ್ದಿತು. ಮೊದಲ ಸೌಟು ನನ್ನ ತಟ್ಟೆಗೆ ಬಿತ್ತು.

ಅವತ್ತು ಎರಡು ಸೌಟಿನಷ್ಟು ಉಳಿಯಿತು. ಉಳಿದದ್ದು ಫ್ರಿಜ್ಜಲ್ಲಿ ಗಟ್ಟಿಯಾಗಿಬಿಡುತ್ತದೆ. ಮಾರನೇ ದಿನ ಕಾಲು ಲೋಟ ನೀರೋ ಕಾಯಿ ಹಾಲೋ ಸೇರಿಸಿ ಸಣ್ಣ ಉರಿಯಲ್ಲಿ ಚೆನ್ನಾಗಿ ಹಬೆಯಾಡುವ ತನಕ ಬಿಸಿ ಮಾಡಿ, ಮೊದಲಿನ ಹಾಗೇ ಆಗುತ್ತದೆ. ನಾಳೆ ಬೆಳಿಗ್ಗೆ ಐದಕ್ಕೆ ಏಳಬೇಕು ನಾನು. ಬರ್ತೀನಿ, ನಮಸ್ಕಾರ.