ಹಳದಿ ತ್ರಿಕೋನದ ಹಿಂದೆ

ಕೇಳುಗರಿಗೆ ನಮಸ್ಕಾರ.

ನಮ್ಮ ಅಕ್ಕ ಇರುವುದು ತಿಪಟೂರಿನಲ್ಲಿ. 2011ರಲ್ಲಿ ಕೊಂಡ ಲ್ಯಾಪ್‌ಟಾಪ್ ಒಂದನ್ನು ಇನ್ನೂ ಬಿಟ್ಟಿಲ್ಲ. ಅದರಲ್ಲಿದ್ದದ್ದು ವಿಂಡೋಸ್ 7. ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳು 2023ರ ಫೆಬ್ರವರಿಯಿಂದ ಅದಕ್ಕೆ ಬರುವುದು ನಿಂತವು. ಒಂದೊಂದೇ ವೆಬ್‌ಸೈಟ್ ಮುನಿಸಿಕೊಳ್ಳತೊಡಗಿತು. "ಬಂದು ಸ್ವಲ್ಪ ನೋಡೋ" ಎಂದಳು. ಹೋದೆ. ಪೆನ್‌ಡ್ರೈವ್ ಹಾಕಿ ವಿಂಡೋಸ್ 10 ಏರಿಸಿದೆ. ಊಟ ಮುಗಿಯುವ ಹೊತ್ತಿಗೆ ಪರದೆ ಬೆಳಗಿತು. ಆದರೆ ವೈಫೈ ಮಾಯ.

ಯಂತ್ರದ ಬಿಡಿಭಾಗಗಳ ಪಟ್ಟಿ ತೋರಿಸುವ 'ಡಿವೈಸ್ ಮ್ಯಾನೇಜರ್' ಎಂಬ ವಿಂಡೋಸ್ ಕಿಟಕಿ ತೆರೆದೆ. ಅಲ್ಲಿ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ. ಪಕ್ಕದಲ್ಲಿ 'ನೆಟ್‌ವರ್ಕ್ ಕಂಟ್ರೋಲರ್' ಎಂದಷ್ಟೇ ಬರೆದಿತ್ತು. ಒಳಗೆ ಒಂದು ಚಿಪ್ ಇದೆ, ಆದರೆ ಅದರ ಜೊತೆ ಹೇಗೆ ಮಾತಾಡಬೇಕೋ ವಿಂಡೋಸಿಗೆ ಗೊತ್ತಿಲ್ಲ ಅಂತ ಅರ್ಥ. ಆ ಮಾತು ಕಲಿಸುವ ಸಣ್ಣ ತಂತ್ರಾಂಶಕ್ಕೇ ಡ್ರೈವರ್ ಅನ್ನುವುದು.

ನಾನೂ ಎಲ್ಲರ ಹಾಗೆ ಮೊದಲು ಲ್ಯಾಪ್‌ಟಾಪ್ ಮಾಡಿದ ಕಂಪನಿಯ ತಾಣಕ್ಕೇ ಹೋದೆ. ನೆಟ್ ಬೇಕಲ್ವಾ? ಮೊಬೈಲನ್ನು ಚಾರ್ಜಿಂಗ್ ವೈರಿನಲ್ಲೇ ಲ್ಯಾಪ್‌ಟಾಪಿಗೆ ಸೇರಿಸಿ, 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದೆ. ವೈಫೈ ಸತ್ತ ಯಂತ್ರಕ್ಕೆ ನೆಟ್ ಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಆ ತಾಣದಲ್ಲಿ ನಮ್ಮ ಮಾಡೆಲ್ ಸಿಕ್ಕಿತು. ಡ್ರೈವರ್ ಪಟ್ಟಿ ಮಾತ್ರ ವಿಂಡೋಸ್ 7ಕ್ಕೇ ನಿಂತುಬಿಟ್ಟಿತ್ತು. ಮಾರಿದ ಮೇಲೆ ಯಾರು ತಾನೇ ತಿರುಗಿ ನೋಡುತ್ತಾರೆ!

ಆಗ ನನಗೆ ನೆನಪಾದದ್ದು ಒಂದು ಸಂಗತಿ. ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಯಾರ ಹೆಸರಿದ್ದರೂ, ಒಳಗಿನ ಚಿಪ್ ಮಾಡಿದವರು ಸಾಮಾನ್ಯವಾಗಿ ಬೇರೆಯವರು. ತಮ್ಮ ಗುರುತನ್ನು ಅವರು ಚಿಪ್ಪಿನೊಳಗೇ ಬರೆದಿಟ್ಟಿರುತ್ತಾರೆ.

ನೋಡುವುದು ಹೀಗೆ. ಹಳದಿ ತ್ರಿಕೋನದ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆಯಿರಿ. ಡೀಟೇಲ್ಸ್‌ಗೆ ಹೋಗಿ, ಕೆಳಗಿಳಿಯುವ ಪಟ್ಟಿಯಲ್ಲಿ 'ಹಾರ್ಡ್‌ವೇರ್ ಐಡಿ' ಆರಿಸಿ. ಉದ್ದನೆಯ ಸಾಲೊಂದು ಕಾಣುತ್ತದೆ. 'ವೆನ್' ಎಂಬ ಅಕ್ಷರಗಳ ಮುಂದಿನ ನಾಲ್ಕು ಅಂಕಿ-ಅಕ್ಷರ ಚಿಪ್ ತಯಾರಕರ ಸಂಖ್ಯೆ. 'ಡೆವ್' ಮುಂದಿನ ನಾಲ್ಕು ಆ ಚಿಪ್ಪಿನದೇ ಸಂಖ್ಯೆ. ಇಂಟೆಲ್ ಸಂಖ್ಯೆ 8086. ಅವರ 1978ರ ಪ್ರಖ್ಯಾತ ಚಿಪ್ಪಿನ ಹೆಸರೂ ಅದೇ. ತಮಾಷೆಗೇ ಇಟ್ಟುಕೊಂಡಿರಬೇಕು.

ಅಕ್ಕನ ಯಂತ್ರದಲ್ಲಿ ಕಂಡದ್ದು 1814, ಆಮೇಲೆ 5390. ಹುಡುಕಿದರೆ ರಾಲಿಂಕ್ ಎಂಬ ತೈವಾನ್ ಕಂಪನಿಯ ವೈಫೈ ಚಿಪ್. ಆ ಕಂಪನಿಯನ್ನು 2011ರಲ್ಲೇ ಮೀಡಿಯಾಟೆಕ್ ಕೊಂಡುಕೊಂಡಿದೆ. ಅಂದರೆ ನಾನು ರಾಲಿಂಕ್ ಬಾಗಿಲು ತಟ್ಟಿದ್ದರೂ ಒಳಗೆ ಯಾರೂ ಇರುತ್ತಿರಲಿಲ್ಲ. ಹಾಗಾಗಿ ಮೈಕ್ರೋಸಾಫ್ಟ್ ಅಪ್‌ಡೇಟ್ ಕೆಟಲಾಗಿಗೆ ಹೋದೆ. ತಯಾರಕರು ಕಳಿಸಿಕೊಟ್ಟ ಡ್ರೈವರುಗಳ ದೊಡ್ಡ ಉಗ್ರಾಣ ಅದು. ಹುಡುಕುವ ಜಾಗದಲ್ಲಿ ಆ ಐಡಿಯನ್ನೇ ಅಂಟಿಸಿದೆ. ಸಿಕ್ಕಿತು. ಇಳಿಸಿದ್ದು 'ಕ್ಯಾಬ್' ಫೈಲು, ಅಂದರೆ ಹಲವು ಫೈಲುಗಳನ್ನು ಒತ್ತಿ ಕಟ್ಟಿದ ಗಂಟು. ಅದನ್ನು ಬಿಚ್ಚಿ ಒಂದು ಫೋಲ್ಡರಿಗೆ ಹಾಕಿ, 'ಅಪ್‌ಡೇಟ್ ಡ್ರೈವರ್' ಒತ್ತಿ ಆ ಫೋಲ್ಡರ್ ತೋರಿಸಿದೆ. ತ್ರಿಕೋನ ಹೋಯಿತು, ವೈಫೈ ಬಂತು.

ಒಂದು ಎಚ್ಚರ. ವಿಂಡೋಸ್ 10ರಲ್ಲಿ 32 ಬಿಟ್, 64 ಬಿಟ್ ಎಂದು ಎರಡು ಬಗೆ. 64 ಬಿಟ್ ವಿಂಡೋಸಿಗೆ 64 ಬಿಟ್ ಡ್ರೈವರೇ ಬೇಕು. 32 ಬಿಟ್‌ನದು ಎಷ್ಟು ತಳ್ಳಿದರೂ ಹೋಗದು. ಆವೃತ್ತಿಯ ವಿಷಯದಲ್ಲಿ ಮಾತ್ರ ಇಷ್ಟು ಕಟ್ಟುನಿಟ್ಟಿಲ್ಲ. ವಿಂಡೋಸ್ 7 ಅಥವಾ 8ರ ಡ್ರೈವರ್ ಎಷ್ಟೋ ಸಲ 10ರಲ್ಲೂ ನಡೆಯುತ್ತದೆ. ಪ್ರಯತ್ನಿಸಿ ನೋಡಬಹುದು.

'ಎಲ್ಲ ಡ್ರೈವರೂ ಒಂದೇ ಕ್ಲಿಕ್ಕಿಗೆ' ಎನ್ನುವ ತಂತ್ರಾಂಶಗಳಿವೆಯಲ್ಲ, ಅವುಗಳ ಸಹವಾಸ ಬೇಡ ಅಂತ ನನ್ನ ಅಭಿಪ್ರಾಯ. ಕೇಳದ ಸರಕನ್ನೂ ಮನೆಗೆ ತಂದು ಸುರಿದು, ಕೊನೆಗೆ ದುಡ್ಡು ಕೇಳುತ್ತವೆ. ಡ್ರೈವರ್ ಹೇಗೂ ಸಿಗದಿದ್ದರೆ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ವೈಫೈ ಸಾಧನ, ಅಂದರೆ ವೈಫೈ ಡಾಂಗಲ್, ತಂದುಬಿಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಲವೇ ನೂರು ರೂಪಾಯಿ.

ಈಗ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ. ವಿಂಡೋಸ್ 11ರ ಅರ್ಹತೆಯ ಪಟ್ಟಿಯಲ್ಲಿ ಇಷ್ಟು ಹಳೆಯ ಯಂತ್ರಗಳಿಲ್ಲ. ಅದಕ್ಕೇ ಹೋದ ತಿಂಗಳು ಲಿನಕ್ಸ್ ಮಿಂಟ್ ತೆಗೆದುಕೊಂಡು ಹೋದೆ. ವಿಂಡೋಸ್ ಬದಲಿಗೆ ಯಂತ್ರ ನಡೆಸಬಲ್ಲ ಉಚಿತ ತಂತ್ರಾಂಶ ಅದು, ಲಿನಕ್ಸಿನ ಒಂದು ಬಗೆ. ಅದನ್ನು ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು, ಡಿಸ್ಕ್ ಮುಟ್ಟಬೇಕಾಗಿಲ್ಲ. ಲಿನಕ್ಸಿನಲ್ಲಿ ಹೆಚ್ಚಿನ ಡ್ರೈವರುಗಳು ಅದರ ತಿರುಳಿನ, ಅಂದರೆ ಕರ್ನೆಲ್ ಎಂಬ ಮೂಲಭಾಗದ ಜೊತೆಗೇ ಬರುತ್ತವೆ. ವೈಫೈ, ಶಬ್ದ, ಕ್ಯಾಮೆರಾ, ಎಲ್ಲ ತಾವಾಗಿಯೇ ಎದ್ದು ಕೂತವು. ನಾನು ಹುಡುಕಿದ ಆ 1814ಕ್ಕೆ ಇಲ್ಲಿ ಕೆಲಸವೇ ಇರಲಿಲ್ಲ.

ಏಳದೆ ಉಳಿದದ್ದು ಬೆರಳ ಗುರುತು ಓದುವ ಸಾಧನ ಒಂದೇ. ಅದಕ್ಕೆ ಅರ್ಧ ದಿನ ತಲೆ ಕೆಡಿಸಿಕೊಂಡೆ. ಅಕ್ಕ ಅಡುಗೆಮನೆಯಿಂದ ಬಂದು ನೋಡಿದಳು. "ಅದು ಹೋಗಲಿ ಬಿಡೋ. ನನ್ನ ಬೆರಳಲ್ಲಿ ಯಾವಾಗಲೂ ಅರಿಶಿನ. ಹೊಸದಿದ್ದಾಗಲೂ ಅದು ನನ್ನನ್ನು ಗುರುತು ಹಿಡಿದದ್ದೇ ಇಲ್ಲ" ಎಂದಳು.

ನಮಸ್ಕಾರ.